ಅಮ್ಮ ನಮ್ಮ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟಿದ್ದಾರೆ, ವಸಡಿನ ತೊಂದರೆಗೆ ಏನು ಮಾಡಲಿ?

ತಿಪಟೂರಿನ ಮಗಳು:
ಅಮ್ಮನಿಗೆ 58 ವರ್ಷ, ಶುಗರ್ ಇದೆ. ಸಂಕ್ರಾಂತಿಯಲ್ಲಿ ಎಳ್ಳುಬೆಲ್ಲ ಕೊಟ್ಟರೆ ಬಾಯಿಗೆ ಹಾಕಲಿಲ್ಲ. ಶುಗರಿಗೆ ಹೆದರಿ ಅಂದುಕೊಂಡೆ. ಆಮೇಲೆ ನೋಡಿದರೆ ಬರೀ ಕೊಬ್ಬರಿ ಚೂರನ್ನೂ ಪಕ್ಕಕ್ಕಿಟ್ಟಿದ್ದರು. ಕೊಬ್ಬರಿಯ ಊರಿನಲ್ಲೇ ಹುಟ್ಟಿ ಬೆಳೆದವರು! ಚಕ್ಕುಲಿಯನ್ನು ಕಾಫಿಯಲ್ಲಿ ಅದ್ದಿ ತಿನ್ನುತ್ತಾರೆ. ಎಲ್ಲರ ಊಟ ಮುಗಿದ ಮೇಲೆ ಅಡುಗೆಮನೆಯಲ್ಲಿ ಒಬ್ಬರೇ ಮೆತ್ತಗೆ ಅನ್ನ ಸಾರು ಕಲಸಿಕೊಳ್ಳುತ್ತಾರೆ. ಮಾತಾಡುವಾಗ ಬಾಯಿಗೆ ಸೆರಗು. ನನ್ನ ಮಗಳು ಮುತ್ತು ಕೊಡಲು ಹೋದರೆ ಮುಖ ತಿರುಗಿಸಿದರು. ಅದನ್ನು ನೋಡಿ ನನಗೆ ಅಳು ಬಂತು.

ಕೇಳಿದರೆ "ನೋವೇನಿಲ್ಲ ಬಿಡೇ" ಅಂದರು. ಎರಡು ವರ್ಷದಿಂದ ಬ್ರಷ್ ಮಾಡುವಾಗ ರಕ್ತ ಬರುತ್ತಿದೆಯಂತೆ. ಕೆಳಗಿನ ಎರಡು ಹಲ್ಲು ಅಲ್ಲಾಡುತ್ತಿವೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಅಂತ ಯಾರೋ ಹೆದರಿಸಿದ್ದಾರೆ. ನಿಜವಾ?

ವಸಡಿನ ಡಾಕ್ಟರ್:
ನಿಜ ಅಲ್ಲ. ವಸಡಿನ ಕಾಯಿಲೆ ಹೆಚ್ಚಾಗಿ ನೋವಿಲ್ಲದೇ ಬೆಳೆಯುತ್ತದೆ. ಹಲ್ಲನ್ನು ಹಿಡಿದಿರುವ ಮೂಳೆ ಕರಗಿರುವುದರಿಂದ ಹಲ್ಲು ಅಲ್ಲಾಡುತ್ತದೆ. ಗಟ್ಟಿಯಾದ ಪಾಚಿ ಸಂದಿಯಲ್ಲಿ ತುಂಬಿಕೊಂಡು ಅದನ್ನು ಮುಚ್ಚಿಟ್ಟಿರುತ್ತದೆ. ಪಾಚಿ ತೆಗೆದಾಗ ಸಂದಿ ಕಾಣುತ್ತದೆ, ಜನ ಕ್ಲೀನಿಂಗನ್ನು ಬೈಯುತ್ತಾರೆ. ಹಲ್ಲು ಮತ್ತು ವಸಡಿನ ನಡುವಿನ ಆಳ 3 ಮಿಲಿಮೀಟರ್ ಒಳಗಿದ್ದರೆ ಸರಿ. ಅದಕ್ಕಿಂತ ಜಾಸ್ತಿ ಇದ್ದು ರಕ್ತವೂ ಬರುತ್ತಿದ್ದರೆ ಬೇರಿನವರೆಗೂ ಕ್ಲೀನ್ ಮಾಡಬೇಕಾಗುತ್ತದೆ. ಹೋದ ಮೂಳೆ ಪೂರ್ತಿ ವಾಪಸ್ ಬರುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು.

ಶುಗರ್ ಜಾಸ್ತಿಯಾದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಶುಗರ್ ಹತೋಟಿಗೆ ಬರುವುದು ಕಷ್ಟ. ಶುಗರ್ ರಿಪೋರ್ಟ್, ಮಾತ್ರೆ ಚೀಟಿ ಎರಡನ್ನೂ ತೆಗೆದುಕೊಂಡು ಹೋಗಿ. ತುಮಕೂರಿನಲ್ಲೇ ದಂತ ಕಾಲೇಜು ಇದೆ, ಹತ್ತಿರ ಅಲ್ವಾ?

ರೊಟ್ಟಿಪ್ರಿಯ:
ಅಕ್ಕಾ, ನಾನೂ ಹೀಗೇ ಇದ್ದೆ. ಬಸ್ಸಿನಲ್ಲಿ ಪಕ್ಕದವರು ಮಾತಾಡಿಸಿದರೆ ಕಿಟಕಿ ಕಡೆ ತಿರುಗುತ್ತಿದ್ದೆ. ಮದುವೆ ಮನೆಗೆ ಹೋಗುವುದೇ ನಿಂತಿತ್ತು. ಮರಗಟ್ಟುವ ಇಂಜೆಕ್ಷನ್ ಕೊಟ್ಟು ನಾಲ್ಕು ಸಲ ಕ್ಲೀನ್ ಮಾಡಿದರು. ಕೆಲವು ವಾರ ತಣ್ಣೀರು ಜುಮ್ ಅನ್ನುತ್ತಿತ್ತು, ಆಮೇಲೆ ಹೋಯಿತು. ಈಗ ಮೂರು ತಿಂಗಳಿಗೊಮ್ಮೆ ತೋರಿಸುತ್ತೇನೆ, ರಾತ್ರಿ ಸಂದಿಗೆ ಸಣ್ಣ ಬ್ರಷ್ ಹಾಕುತ್ತೇನೆ. ಖಡಕ್ ರೊಟ್ಟಿ ಮುರಿದು ತಿಂದ ದಿನ ಹೆಂಡತಿಗೆ ಫೋನ್ ಮಾಡಿ ಹೇಳಿದ್ದೆ. ಒಂದು ಮಾತು, ಅಮ್ಮನ ಹತ್ತಿರ ಬಾಯಿ ವಾಸನೆ ವಿಷಯ ಎತ್ತಬೇಡಿ. ಅವರಿಗೆ ಅದು ಗೊತ್ತೇ ಇರುತ್ತದೆ.

ತಿಪಟೂರಿನ ಮಗಳು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ವಾಸನೆ ವಿಷಯ ಎತ್ತಲಿಲ್ಲ. ಶುಗರಿಗೂ ಒಳ್ಳೆಯದು ಅಂದೆ, ಒಪ್ಪಿದರು. ಸೋಮವಾರ ತುಮಕೂರಿಗೆ ಹೊರಟಿದ್ದೇವೆ. "ಹಲ್ಲು ಕೀಳಲ್ಲ ತಾನೇ?" ಅಂತ ಬೆಳಿಗ್ಗೆಯಿಂದ ನಾಲ್ಕು ಸಲ ಕೇಳಿದ್ದಾರೆ. ನಾನೂ ಒಳಗೆ ಜೊತೆಗೇ ಇರಲು ಬಿಡುತ್ತಾರಾ, ಡಾಕ್ಟರ್?

ವಸಡಿನ ಡಾಕ್ಟರ್:
ಕೇಳಿ ನೋಡಿ, ಸಾಮಾನ್ಯವಾಗಿ ಬಿಡುತ್ತಾರೆ. ತಿಂಡಿ ತಿನ್ನಿಸಿ, ಮಾತ್ರೆ ಕೊಟ್ಟೇ ಕರೆದುಕೊಂಡು ಹೋಗಿ.