ಡೇಗೆ (ಫಾಲ್ಕನ್ ಎಂಬ ಬೇಟೆ ಹಕ್ಕಿ) ವಿಡಿಯೋ ಹಾಕಿದ್ದಕ್ಕೆ ಚಿಕ್ಕಬಳ್ಳಾಪುರ ಗೆಳೆಯರ ಗುಂಪಿನಲ್ಲಿ ಆದ ಮಾತುಕತೆ

ಮಂಜ: (ವಿಡಿಯೋ) ನೋಡ್ರೋ, ಅಮೆರಿಕದವನು ಡೇಗೆ ಬಿಟ್ಟು ಮೊಲ ಹಿಡಿಸುತ್ತಿದ್ದಾನೆ. ಇದಕ್ಕೆ ಅಲ್ಲಿ ದೊಡ್ಡ ಸಂಘವೇ ಇದೆಯಂತೆ, ಹಕ್ಕಿಯನ್ನು ಉಳಿಸಿದ್ದೂ ಅವರೇ ಅಂತೆ. ನಂದಿ ಕಡೆ ನಾವೂ ಒಂದು ಶುರು ಮಾಡೋಣ್ವಾ?

ಶೋಭಾ: ಮಾಡು, ಜಾಮೀನಿಗೆ ಮಾತ್ರ ನನ್ನನ್ನು ಕರೆಯಬೇಡ. ಡೇಗೆ ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಹಕ್ಕಿ ಕಟ್ಟಿಹಾಕಿ ಬೇಟೆ ಆಡಿಸುವವರು ಅದನ್ನು ಉಳಿಸುತ್ತಾರಂತೆ, ಸುಮ್ನೆ ಇರು.

ರಫೀಕ್: ಶೋಭಾ, ಉಳಿಸಿದ್ದಾರೆ ಕಣಮ್ಮ. ಮಂಜ ಹೇಳಿದ ಆ ಸಂಘ, ಉತ್ತರ ಅಮೆರಿಕದ ಫಾಲ್ಕನರ್ಸ್ (ಡೇಗೆ ಬೇಟೆಯವರ) ಅಸೋಸಿಯೇಷನ್, ಶುರುವಾಗಿದ್ದು 1961ರಲ್ಲಿ. ಆಗ ಡಿಡಿಟಿ ಎಂಬ ಕೀಟನಾಶಕದ ವಿಷ ಸೇರಿ ಪೆರೆಗ್ರಿನ್ ಡೇಗೆಯ ಮೊಟ್ಟೆ ಚಿಪ್ಪು ಎಷ್ಟು ತೆಳ್ಳಗಾಗಿತ್ತು ಅಂದರೆ ತಾಯಿ ಕಾವಿಗೆ ಕೂತರೇ ಒಡೆಯುತ್ತಿತ್ತು, ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಗೂಡೇ ಇಲ್ಲದ ಹಾಗಾಯಿತು. ಡೇಗೆ ಸಾಕಿದವರೇ ಮರಿ ಮಾಡಿಸಲು ತಮ್ಮ ಹಕ್ಕಿಗಳನ್ನು ಕೊಟ್ಟರು. 1970ರಲ್ಲಿ ಈ ಹಕ್ಕಿ ಉಳಿಸಲೆಂದೇ ಪೆರೆಗ್ರಿನ್ ಫಂಡ್ ಎಂಬ ಸಂಸ್ಥೆ ಕಟ್ಟಿದ ಟಾಮ್ ಕೇಡ್ ಕೂಡ ಡೇಗೆ ಹಾರಿಸುತ್ತಿದ್ದವರೇ. ಮರಿಗಳನ್ನು ಬಂಡೆ ಮೇಲೆ, ಎತ್ತರದ ಕಟ್ಟಡದ ಮೇಲೆ ಪೆಟ್ಟಿಗೆಯಲ್ಲಿಟ್ಟು, ಮನುಷ್ಯರ ಮುಖ ತೋರಿಸದೆ ಊಟ ಹಾಕಿ, ತಾವೇ ಬೇಟೆ ಕಲಿಯುವ ತನಕ ಕಾಯುತ್ತಿದ್ದರು. ಅದು ಈ ಬೇಟೆಯವರ ಹಳೇ ವಿದ್ಯೆ. 1999ರಲ್ಲಿ ಆ ಹಕ್ಕಿಯನ್ನು ಅಳಿವಿನಂಚಿನ ಪಟ್ಟಿಯಿಂದ ತೆಗೆದರು.

ಶೋಭಾ: 1972ರಲ್ಲಿ ಅಮೆರಿಕ ಡಿಡಿಟಿ ನಿಲ್ಲಿಸಿದ್ದನ್ನು ಯಾಕೆ ಬಿಟ್ಟೆ? ಅದು ನಿಲ್ಲದಿದ್ದರೆ ಎಷ್ಟು ಮರಿ ಬಿಟ್ಟಿದ್ದರೂ ನೀರಲ್ಲಿ ಹೋಮ. ಅತ್ತ ಸಾಕರ್ ಡೇಗೆ ನೋಡು, ಕೊಲ್ಲಿ ದೇಶಗಳ ಶೋಕಿಗೆ ಹಿಡಿದು ಮಾರಿ ಕಮ್ಮಿ ಮಾಡಿದರು.

ರಫೀಕ್: ಎರಡೂ ಬೇಕಿತ್ತು, ಒಪ್ಪಿದೆ. ಆದರೆ ಮಂಗೋಲಿಯಾದಲ್ಲಿ ಅದೇ ಸಾಕರ್‌ಗೆ 5000 ಕೃತಕ ಗೂಡು ಇಡಿಸಿದ ದುಡ್ಡು ಅಬುಧಾಬಿಯದು. ಅಮೆರಿಕದಲ್ಲಿ ಕಂಡವರೆಲ್ಲ ಸಾಕುವ ಹಾಗಿಲ್ಲ. ಪರೀಕ್ಷೆ ಪಾಸಾಗಬೇಕು, ಹಳಬರ ಕೈಕೆಳಗೆ 2 ವರ್ಷ ಕಲಿಯಬೇಕು, ಹಕ್ಕಿ ಇಡುವ ಜಾಗ ತಪಾಸಣೆ ಆಗಬೇಕು.

ಶೋಭಾ: ಆ ನಿಯಮ ಸರ್ಕಾರದ್ದು, ಸಂಘದ್ದಲ್ಲ. ಬೇಟೆಗೆ ಅವಕಾಶ ಕೊಡಿ ಅಂತ ಕೇಳುವುದು ಸಂಘ.

ರಫೀಕ್: ಕೇಳಲಿ ಬಿಡು. ಹಕ್ಕಿ ಇಲ್ಲದಿದ್ದರೆ ಅವರ ಆಟವೂ ಇಲ್ಲ. ಆ ಸ್ವಾರ್ಥದಿಂದಲೇ ಹಕ್ಕಿಗೆ ಲಾಭ ಆಯಿತಲ್ವಾ?

ಮಂಜ: ನಮ್ಮ ಚಾಲುಕ್ಯರ ಮೂರನೇ ಸೋಮೇಶ್ವರನೇ 12ನೇ ಶತಮಾನದಲ್ಲಿ ಡೇಗೆ ಬೇಟೆ ಬಗ್ಗೆ ಬರೆದಿದ್ದಾನೆ. ಯುನೆಸ್ಕೋ 2010ರಲ್ಲೇ ಪರಂಪರೆ ಅಂತ ಒಪ್ಪಿದೆ. ನಮಗೇನು ಅಡ್ಡಿ?

ಶೋಭಾ: ಸೋಮೇಶ್ವರನ ಕಾಲದಲ್ಲಿ ಬೆಟ್ಟಕ್ಕೆ ಡೈನಮೈಟ್ ಇಡುತ್ತಿರಲಿಲ್ಲ ಕಣೋ. ನಮ್ಮ ಕಡೆಯ ಶಾಹೀನ್ ಡೇಗೆ ಗೂಡು ಮಾಡುವುದು ಕಡಿದಾದ ಬಂಡೆಯಲ್ಲಿ. ಆ ಬಂಡೆಯನ್ನೇ ಜಲ್ಲಿ ಮಾಡಿ ಲಾರಿಗೆ ತುಂಬುತ್ತಿದ್ದಾರೆ. ಸಂಘ ಕಟ್ಟುವುದಿದ್ದರೆ ಅದರ ಮೇಲೆ ಕಟ್ಟು. ಸಂಕ್ರಾಂತಿ ಆದಮೇಲೆ ಬೆಟ್ಟ ಬೆಟ್ಟ ಸುತ್ತಿ ಎಲ್ಲಿ ಗೂಡಿದೆ ಅಂತ ದೂರದಿಂದ ನೋಡಿ ಬರೆದಿಟ್ಟು ಅರಣ್ಯ ಇಲಾಖೆಗೆ ಕೊಡೋಣ. ನಾನೂ ಬರುತ್ತೇನೆ.

ರಫೀಕ್: ಅದಕ್ಕೆ ನಾನು ರೆಡಿ. ಗೂಡಿನ ಜಾಗ ಮಾತ್ರ ಈ ಗುಂಪಿನಲ್ಲಿ ಹಾಕಬೇಡಿ, ಮಂಜ ಫಾರ್ವರ್ಡ್ ಮಾಡಿಬಿಡುತ್ತಾನೆ.

ಮಂಜ: ಹೋಗ್ರೋ. ವಿಡಿಯೋ ಡಿಲೀಟ್ ಮಾಡಲಾ?

ರಫೀಕ್: ಇರಲಿ. ಆದರೆ ಅದು ಡೇಗೆ ಅಲ್ಲ, ಹ್ಯಾರಿಸ್ ಗಿಡುಗ. ಪೆರೆಗ್ರಿನ್ ಹಾರುವ ಹಕ್ಕಿಗೆ ಮೇಲಿಂದ ಎರಗುತ್ತದೆ, ಮೊಲದ ಹಿಂದೆ ಪೊದೆಗೆ ನುಗ್ಗುವುದಿಲ್ಲ.