ಹಂಪಿಯ ಬೀದಿಗಳು ‘ಬಜಾರ್’ ಆದದ್ದು ಯಾವಾಗ?

ಗೆಳೆಯರೇ,

ಹಂಪಿಯ ನಕ್ಷೆ ತೆರೆದರೆ ಎಲ್ಲೆಲ್ಲೂ ಬಜಾರ್: ವಿರೂಪಾಕ್ಷ ಬಜಾರ್, ಕೃಷ್ಣ ಬಜಾರ್, ಪಾನ್ ಸುಪಾರಿ ಬಜಾರ್. ಈ ಪದ ಫಾರಸಿಯದು. ಊರು ತುಂಬಿದ್ದ ಕಾಲದಲ್ಲಿ ಅಲ್ಲಿನ ಜನ ಏನನ್ನುತ್ತಿದ್ದರು ಅನ್ನೋದು ನನ್ನ ಪ್ರಶ್ನೆ.

ಪಾನ್ ಸುಪಾರಿಯದ್ದಕ್ಕೆ ಒಂದು ಸುಳಿವಿದೆ. ಹಜಾರರಾಮ ದೇವಸ್ಥಾನದ ಕಡೆಯಿಂದ ಹೊರಡುವ ಈ ಬೀದಿಯಲ್ಲಿ ಇಮ್ಮಡಿ ದೇವರಾಯ ಕಟ್ಟಿಸಿದ ಪಾರ್ಶ್ವನಾಥ ಬಸದಿ ಇದೆ. ಅಲ್ಲಿನ 1426ರ ಸಂಸ್ಕೃತ ಶಾಸನದಲ್ಲಿ ಬೀದಿಯ ಹೆಸರು ‘ಕ್ರಮುಕಪರ್ಣಾಪಣವೀಥಿ’. ಬಿಡಿಸಿದರೆ ಅಡಿಕೆ, ಎಲೆ, ಅಂಗಡಿ, ಬೀದಿ. ಅಂಗಡಿಯವನು ಇಷ್ಟುದ್ದ ಹೇಳಿರಲಾರ, ಅಲ್ವಾ? ಶಾಸನ ಬರೆದವನು ಆಡುಮಾತಿನ ಹೆಸರನ್ನೇ ಸಂಸ್ಕೃತಕ್ಕೆ ತಿರುಗಿಸಿರಬೇಕು ಅಂತ ನನ್ನ ಊಹೆ. ಅಲ್ಲಿ ಅಡಿಕೆ ಮೊದಲು, ಎಲೆ ಆಮೇಲೆ. ನಾವು ‘ಎಲೆ ಅಡಿಕೆ’ ಅನ್ನುತ್ತೇವೆ. ಪಾನ್ ಸುಪಾರಿಯಲ್ಲೂ ಎಲೆಯೇ ಮೊದಲು.

ಹಾಗಾದರೆ ಆ ಹೆಸರು ‘ಎಲೆಪೇಟೆ’ ಇದ್ದಿರಬಹುದೇ? ವಿಜಯನಗರದ ಸಾಮಂತನಾಗಿದ್ದ ಕೆಂಪೇಗೌಡ ಕಟ್ಟಿದ ಬೆಂಗಳೂರಿನಲ್ಲಿ ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ ಇವತ್ತಿಗೂ ಇವೆ. ಸರಕಿನ ಹೆಸರಿಗೆ ಪೇಟೆ ಸೇರಿಸಿದರೆ ಮುಗೀತು.

ಉಳಿದ ‘ಬಜಾರ್’ಗಳ ಕತೆಯೇ ಬೇರೆ. ವಿರೂಪಾಕ್ಷನ ಗುಡಿ ಸಾಮ್ರಾಜ್ಯಕ್ಕಿಂತ ಹಳೆಯದು. ಅದರ ಮುಂದಿನ ಬೀದಿ ಮುಕ್ಕಾಲು ಕಿಲೋಮೀಟರಿನಷ್ಟು ನೇರ ಹೋಗಿ ಎದುರು ಬಸವಣ್ಣನ ಹತ್ತಿರ ನಿಲ್ಲುತ್ತದೆ. ಎರಡೂ ಬದಿ ಕಲ್ಲುಕಂಬದ ಸಾಲುಮಂಟಪ. ಅದು ತೇರು ಎಳೆಯುವ ಬೀದಿ, ವ್ಯಾಪಾರ ಅದರ ಪಕ್ಕದಲ್ಲಿ. ಮುಂದೆ ನಗರ ಬೆಳೆದದ್ದೂ ಹೀಗೇ: ಒಂದು ದೊಡ್ಡ ಗುಡಿ, ಅದರ ಮುಂದೆ ತೇರುಬೀದಿ, ಸುತ್ತ ಒಂದು ಪುರ. ವಿಠ್ಠಲಾಪುರ, ಕೃಷ್ಣಾಪುರ ಹೀಗೆ ಎದ್ದವು. 1534ರಲ್ಲಿ ತಿರುವೆಂಗಳನಾಥನ ಗುಡಿ ಆಯಿತು, ಅದರ ಜೊತೆ ಅಚ್ಯುತಾಪುರ. ಇಂಥ ಬೀದಿಯನ್ನು ಬರೀ ಬಜಾರ್ ಅಂದರೆ ತೇರೇ ಮಾಯ! ನನಗಂತೂ ‘ತೇರುಬೀದಿ’ಯೇ ಸರಿ ಅನಿಸುತ್ತದೆ.

‘ಸಂತೆ’ ಪದವೂ ಇಲ್ಲಿ ಕಾಡುತ್ತದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೋ ಪಾಯೆಸ್ ಒಂದು ಅಗಲವಾದ ಬೀದಿಯನ್ನು ವರ್ಣಿಸುತ್ತಾನೆ. ಮಾಣಿಕ್ಯ, ವಜ್ರ, ಮುತ್ತು, ಬಟ್ಟೆ ಎಲ್ಲ ಅಲ್ಲಿ ಸಿಗುತ್ತಿತ್ತು. ಅದೇ ಬೀದಿಯಲ್ಲಿ ದಿನಾ ಸಂಜೆ ಸಾಧಾರಣ ಕುದುರೆ, ನಿಂಬೆ, ಕಿತ್ತಳೆ, ದ್ರಾಕ್ಷಿ, ಸೌದೆ ಮಾರಾಟ. ನಮ್ಮ ಸಂತೆ ವಾರಕ್ಕೊಮ್ಮೆ ಕೂಡುವಂಥದ್ದು. ದಿನಾ ಸಂಜೆ ಕೂಡುವುದಕ್ಕೂ ಸಂತೆ ಅನ್ನಬಹುದೇ, ಬೇರೆ ಪದ ಇದೆಯೇ?

ಶಾಸನ ಓದುವವರು ಇಲ್ಲಿ ಇದ್ದೀರಿ. ಊರು ಹಾಳಾದ 1565ಕ್ಕೂ ಮುಂಚಿನ ಕನ್ನಡ ಶಾಸನದಲ್ಲೋ ಕಾವ್ಯದಲ್ಲೋ ‘ಬಜಾರ’ ಕಂಡಿದ್ದರೆ ಸಾಲು ಸಮೇತ ಹಾಕಿ. ಹೊಸಪೇಟೆ, ಕಮಲಾಪುರ, ಆನೆಗೊಂದಿ ಕಡೆಯವರು ನಿಮ್ಮ ಮನೆಯ ಹಿರಿಯರು ಈ ಬೀದಿಗಳಿಗೆ ಏನನ್ನುತ್ತಿದ್ದರು ಅಂತ ಕೇಳಿ ತಿಳಿಸಿ.