ಹಾಲು ಬಿಡಿಸಿದ ಹಂದಿ ಮರಿಗಳಿಗೆ ಭೇದಿ: ಕಾರಣ ಈಗಿನ ಆಹಾರವೇ, ಮೊದಲ ದಿನಗಳ ಪೋಷಣೆಯೇ?

ಶಿರ್ವದ ಸಾಕಣೆದಾರ:
ಎಲ್ಲರಿಗೂ ನಮಸ್ಕಾರ. ಉಡುಪಿ ಜಿಲ್ಲೆಯ ಶಿರ್ವದ ಬಳಿ ನಾವು ಯಾರ್ಕ್‌ಶೈರ್ ತಳಿಯ ಹಂದಿಗಳನ್ನು ಸಾಕುತ್ತಿದ್ದೇವೆ. ತಾಯಿ ಬೇಗ ಬೆದೆಗೆ ಬರಲೆಂದು ಮರಿಗಳಿಗೆ 28ನೇ ದಿನಕ್ಕೆ ಹಾಲು ಬಿಡಿಸುತ್ತೇವೆ. ಅದಾದ ವಾರದೊಳಗೆ ಹಲವು ಮರಿಗಳಿಗೆ ನೀರಿನಂತೆ ಭೇದಿ ಶುರುವಾಗುತ್ತದೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಔಷಧಿಗೆ ಭೇದಿ ನಿಲ್ಲುತ್ತದೆಯಾದರೂ ಹೀಗೆ ನರಳಿದ ಮರಿಗಳು ಮುಂದೆ ಎಷ್ಟು ತಿಂದರೂ ಒಡಹುಟ್ಟಿದವುಗಳಷ್ಟು ತೂಕ ಬರುವುದಿಲ್ಲ. ಮೆಕ್ಕೆಜೋಳದ ನುಚ್ಚು, ತೌಡು, ಸೋಯಾ ಹಿಂಡಿ, ಮೀನಿನ ಹುಡಿ ಸೇರಿಸಿದ ಆಹಾರ ಕೊಡುತ್ತೇವೆ. ಬದಲಾಯಿಸಬೇಕಾದದ್ದು ಈ ಆಹಾರವನ್ನೇ, ಅಥವಾ ಅದಕ್ಕಿಂತ ಹಿಂದಿನದೇನನ್ನಾದರೂ?

ಪಶುವೈದ್ಯೆ, ಮಂಗಳೂರು:
ನಿಮ್ಮ ಪ್ರಶ್ನೆಯ ಎರಡನೇ ಭಾಗವೇ ಹೆಚ್ಚು ಮುಖ್ಯವೆಂದು ನನಗನಿಸುತ್ತದೆ. ಹಂದಿಯ ಗರ್ಭದಲ್ಲಿ ತಾಯಿಯ ರೋಗನಿರೋಧಕ ಕಣಗಳು ಮರಿಗೆ ದಾಟುವುದಿಲ್ಲವಾದ್ದರಿಂದ ಮರಿ ಬರಿಗೈಯಲ್ಲೇ ಹುಟ್ಟುತ್ತದೆ. ಅದಕ್ಕೆ ರಕ್ಷಣೆ ಸಿಗುವುದು ಗಿಣ್ಣು ಹಾಲಿನಿಂದ ಮಾತ್ರ, ಮತ್ತು ಆ ಕಣಗಳನ್ನು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುವ ಕರುಳಿನ ಶಕ್ತಿ ಸುಮಾರು 24ರಿಂದ 36 ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಮೊದಲ ದಿನ ಪ್ರತಿ ಮರಿಗೆ 200ರಿಂದ 250 ಗ್ರಾಂ ಗಿಣ್ಣು ಹಾಲು ಸಿಗಬೇಕು. ಅದರಲ್ಲಿರುವ ಬೆಳವಣಿಗೆಯ ಅಂಶಗಳಿಂದ ಕರುಳು ಆ ಒಂದೆರಡು ದಿನಗಳಲ್ಲೇ ಬಹಳ ವೇಗವಾಗಿ ಬೆಳೆಯುತ್ತದೆ. ಅದೇ ಹೊತ್ತಿಗೆ ತಾಯಿಯ ಮೊಲೆ, ಚರ್ಮ, ಸಗಣಿಯಿಂದ ಬಂದ ಸೂಕ್ಷ್ಮಾಣುಗಳು ಕರುಳಿನಲ್ಲಿ ನೆಲೆಯೂರುತ್ತವೆ. ಆ್ಯಂಟಿಬಯೋಟಿಕ್ ಇವುಗಳಲ್ಲಿ ಬೇಕಾದವನ್ನೂ ಕೊಲ್ಲುತ್ತದೆ. ಆದ್ದರಿಂದ ಹುಟ್ಟಿದ ಎಲ್ಲ ಮರಿಗಳಿಗೂ ಮುನ್ನೆಚ್ಚರಿಕೆಯೆಂದು ಆ್ಯಂಟಿಬಯೋಟಿಕ್ ಕೊಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ.

ಮುಂದೆ ಹಾಲು ಕುಡಿಯುವಷ್ಟು ದಿನವೂ ತಾಯಿ ಹಾಲಿನ ಐಜಿಎ ಎಂಬ ರಕ್ಷಕ ಕಣ ಕರುಳಿನ ಒಳಮೈಗೆ ಲೇಪದಂತೆ ಅಂಟಿಕೊಂಡಿರುತ್ತದೆ. ಹಾಲು ಬಿಡಿಸಿದ ದಿನವೇ ಅದು ನಿಂತುಹೋಗುತ್ತದೆ. ಮರಿ ತನ್ನದೇ ಐಜಿಎಯನ್ನು ಸಾಕಷ್ಟು ತಯಾರಿಸಲು ವಾರಗಳೇ ಬೇಕು. ಜೊತೆಗೆ ತಾಯಿಯನ್ನು ಅಗಲಿದ ಮರಿ ಒಂದೆರಡು ದಿನ ಸರಿಯಾಗಿ ತಿನ್ನುವುದಿಲ್ಲ, ಆ ಹಸಿವಿನಲ್ಲಿ ಕರುಳಿನ ಒಳಮೈಯಲ್ಲಿ ಆಹಾರ ಹೀರುವ ವಿಲ್ಲೈಗಳು ಎಂಬ ಸಣ್ಣ ಬೆರಳಿನಂಥ ಎಳೆಗಳು ಗಿಡ್ಡವಾಗುತ್ತವೆ, ಹೊಟ್ಟೆಯ ಆಮ್ಲವೂ ಆಗ ಕಡಿಮೆ. ಜೀರ್ಣವಾಗದೆ ಮುಂದಕ್ಕೆ ಹೋದ ಪ್ರೋಟೀನು ಭೇದಿ ತರುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾಕ್ಕೆ ಮೇವಾಗುತ್ತದೆ. ಮೊದಲ ದಿನ ಗಿಣ್ಣು ಹಾಲು ಕಡಿಮೆ ಸಿಕ್ಕ ಮರಿಯೇ ಸಾಮಾನ್ಯವಾಗಿ ಇಲ್ಲಿಯೂ ಮೊದಲು ಬೀಳುತ್ತದೆ.

ಕಾರ್ಕಳದ ಕೃಷಿಕ:
ಡಾಕ್ಟರ್ ಹೇಳಿದ್ದಕ್ಕೆ ನಮ್ಮ ಗೂಡಿನ ರೂಢಿಯನ್ನು ಸೇರಿಸುತ್ತೇನೆ. ಮರಿ ಹಾಕುವ ರಾತ್ರಿ ಒಬ್ಬರು ಅಲ್ಲಿರಲೇಬೇಕು. ದೊಡ್ಡ ಮರಿಗಳು ಹೊಟ್ಟೆ ತುಂಬ ಕುಡಿದ ಮೇಲೆ ಅವನ್ನು ಗೋಣಿ ಹಾಸಿದ ಬುಟ್ಟಿಯಲ್ಲಿ, ಬಲ್ಬಿನ ಬಿಸಿಯ ಕೆಳಗೆ ಸುಮಾರು ಒಂದು ಗಂಟೆ ಇಟ್ಟು, ಸಣ್ಣವನ್ನು ಮಾತ್ರ ತಾಯಿಯ ಎದುರುಭಾಗದ ಮೊಲೆಗಳಿಗೆ ಹಚ್ಚುತ್ತೇವೆ. ನಮ್ಮ ಊರಿನ ಸೆಕೆಯಲ್ಲಿ ಬಲ್ಬು ಯಾಕೆಂದು ಕೇಳುವವರಿದ್ದಾರೆ, ಆದರೆ ಜುಲೈ ತಿಂಗಳ ಒದ್ದೆ ನೆಲದ ಮೇಲೆ ಚಳಿ ಹಿಡಿದ ಮರಿ ಮೊಲೆ ಚೀಪುವುದೇ ಇಲ್ಲ. ಮೂರನೇ ದಿನ ಕಬ್ಬಿಣಾಂಶದ ಇಂಜೆಕ್ಷನ್ ಕೊಡಿಸುತ್ತೇವೆ.

ಮೀನಿನ ಹುಡಿಯ ಬಗ್ಗೆ ಒಂದು ಎಚ್ಚರಿಕೆ. ಒಣಮೀನಿನಿಂದ ಮಾಡಿದ ಹುಡಿಯಲ್ಲಿ ಉಪ್ಪು ಹೆಚ್ಚಿರಬಹುದು. ಕುಡಿಯುವ ನೀರು ಕಡಿಮೆಯಾದರೆ ಹಂದಿಗೆ ಅದು ವಿಷವೇ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಹಿಂಡಿಯನ್ನೂ ಮರಿಗಳ ಹತ್ತಿರ ತರಬೇಡಿ.

ಶಿರ್ವದ ಸಾಕಣೆದಾರ:
ಇಬ್ಬರಿಗೂ ಧನ್ಯವಾದ. ಮರಿಗಳಿಗೆ ಗಟ್ಟಿ ಆಹಾರದ ರುಚಿ ಎಂದಿನಿಂದ ತೋರಿಸಬೇಕು? ಭೇದಿ ಬಾರದಂತೆ ಆಹಾರಕ್ಕೇ ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ ಬೆರೆಸುವಂತೆ ಒಬ್ಬರು ಸಲಹೆ ಕೊಟ್ಟಿದ್ದಾರೆ, ಅದು ಸರಿಯೇ?

ಪಶುವೈದ್ಯೆ, ಮಂಗಳೂರು:
ಕೊಲಿಸ್ಟಿನ್ ಬೇಡವೇ ಬೇಡ. ಮನುಷ್ಯರ ಚಿಕಿತ್ಸೆಯಲ್ಲಿ ಕೊನೆಯ ಅಸ್ತ್ರವಾಗಿ ಉಳಿದಿರುವ ಔಷಧಿಗಳಲ್ಲಿ ಅದೂ ಒಂದಾದ್ದರಿಂದ ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಅದರ ಬಳಕೆಯನ್ನು ಭಾರತ ಸರಕಾರ 2019ರಲ್ಲೇ ನಿಷೇಧಿಸಿದೆ. ಭೇದಿ ತಡೆಯಲು ಆಹಾರಕ್ಕೆ ಬೆರೆಸುತ್ತಿದ್ದ ಹೆಚ್ಚು ಪ್ರಮಾಣದ ಸತುವಿನ ಆಕ್ಸೈಡನ್ನೂ ಐರೋಪ್ಯ ಒಕ್ಕೂಟ 2022ರ ಜೂನ್‌ನಲ್ಲಿ ನಿಲ್ಲಿಸಿದ್ದು, ಅಲ್ಲಿನ ಸಾಕಣೆದಾರರೂ ಈಗ ಆಹಾರ ಮತ್ತು ಆರೈಕೆಯ ದಾರಿಯನ್ನೇ ಹಿಡಿಯಬೇಕಾಗಿದೆ.

ಗಟ್ಟಿ ಆಹಾರವನ್ನು ಹತ್ತನೇ ದಿನದಿಂದ ತಾಯಿಗೆ ಎಟುಕದ ಮೂಲೆಯಲ್ಲಿ ಒಂದು ಹಿಡಿಯಷ್ಟಿಟ್ಟು, ದಿನಾ ಹಳತನ್ನು ತೆಗೆದು ಹೊಸತು ಹಾಕಿ; ಪಕ್ಕದಲ್ಲಿ ಶುದ್ಧ ನೀರಿರಲಿ. ಮೂರು ವಾರಗಳವರೆಗೆ ಮರಿಗಳು ಅದನ್ನು ಮೂಸಿ ಚೆಲ್ಲುವುದೇ ಹೆಚ್ಚು, ನಿಜವಾಗಿ ತಿನ್ನುವುದು ಆಮೇಲೆ. ಅದಕ್ಕಾಗಿಯೇ 28ರ ಬದಲು 42ನೇ ದಿನಕ್ಕೆ ಹಾಲು ಬಿಡಿಸಿ ಎನ್ನುತ್ತೇನೆ. ತಾಯಿ ಬೆದೆಗೆ ಬರುವುದು ಎರಡು ವಾರ ತಡವಾಗುತ್ತದೆ, ನಿಜ. ಕುಂಠಿತವಾಗುವ ಮರಿಗಳನ್ನು ಲೆಕ್ಕಕ್ಕೆ ಹಿಡಿದರೆ ನಿಮ್ಮಂಥ ಸಣ್ಣ ಗೂಡಿಗೆ ಆ ನಷ್ಟ ಕಡಿಮೆಯದೇ. ಬಿಡಿಸಿದ ಮೊದಲ ಎರಡು ವಾರ ತೌಡು, ಸೋಯಾ ಹಿಂಡಿಗಳನ್ನು ಇಳಿಸಿ, ಒಟ್ಟು ಪ್ರೋಟೀನನ್ನು ಶೇಕಡಾ 18ರ ಆಸುಪಾಸಿನಲ್ಲಿಡಿ. ಮೆತ್ತಗೆ ಬೇಯಿಸಿದ ಅಕ್ಕಿ ನುಚ್ಚು ಸಣ್ಣ ಕರುಳಿನಲ್ಲೇ ಬಹುಪಾಲು ಜೀರ್ಣವಾಗುವುದರಿಂದ ಈ ಹೊತ್ತಿಗೆ ಬಹಳ ಒಳ್ಳೆಯದು. ಒಂದೇ ಸಲ ಸುರಿಯದೆ ದಿನಕ್ಕೆ ನಾಲ್ಕೈದು ಬಾರಿ ಸ್ವಲ್ಪ ಸ್ವಲ್ಪ ಕೊಡಿ.

ಭೇದಿ ಯಾವ ವಯಸ್ಸಿಗೆ ಶುರುವಾಯಿತೆಂಬುದನ್ನು ಬರೆದಿಡಿ. ಹಾಲು ಕುಡಿಯುತ್ತಿರುವಾಗಲೇ, ಒಂದರಿಂದ ಎರಡು ವಾರದೊಳಗೆ ಹಳದಿ ಬಣ್ಣದ ಅಂಟಂಟು ಭೇದಿ ಕಂಡರೆ ಅದು ಕಾಕ್ಸಿಡಿಯಾ ಎಂಬ ಕರುಳಿನ ಸೂಕ್ಷ್ಮ ಪರಾವಲಂಬಿಯಿಂದ ಇರಬಹುದು, ಆ್ಯಂಟಿಬಯೋಟಿಕ್‌ಗೆ ಅದು ಬಗ್ಗುವುದಿಲ್ಲ. ಮುಂದಿನ ಸಲ ಔಷಧಿ ಕೊಡುವ ಮೊದಲೇ ಎರಡು ಮೂರು ಮರಿಗಳ ಸಗಣಿಯನ್ನು ಶುಚಿಯಾದ ಡಬ್ಬಿಯಲ್ಲಿ ತೆಗೆದು, ಮಂಜುಗಡ್ಡೆಯ ಜೊತೆ ನಿಮ್ಮ ಹತ್ತಿರದ ಪಶು ಆಸ್ಪತ್ರೆಗೆ ಅದೇ ದಿನ ತಲುಪಿಸಿ.